ಡಾಲ್ಬಿಯಲ್ಲಿ ಮುರಿದ ನಮ್ಮ ರಾಡು

ನಮ್ಮ ಕಾರ್ಖಾನೆಯ ಒಂದು ಕನೆಕ್ಟಿಂಗ್ ರಾಡು ಆಸ್ಟ್ರೇಲಿಯಾದಲ್ಲಿ ಮುರಿಯಿತು. ನಾನು ಮೊದಲ ಸಲ ವಿದೇಶಕ್ಕೆ ಹೋದದ್ದು ಆ ಕಾರಣಕ್ಕೆ.

ಎಂಜಿನ್ನಿನೊಳಗೆ ಮೇಲಿನ ಪಿಸ್ಟನ್ನಿಗೂ ಕೆಳಗಿನ ಕ್ರ್ಯಾಂಕಿಗೂ ನಡುವೆ ಇರುವ ಗೇಣುದ್ದದ ಉಕ್ಕಿನ ತೋಳೇ ಕನೆಕ್ಟಿಂಗ್ ರಾಡು. ಮೇಲೆ ಇಂಧನ ಹೊತ್ತಿದಾಗಲೆಲ್ಲ ಅದರ ಪೆಟ್ಟನ್ನು ಕೆಳಗೆ ದಾಟಿಸುವುದು ಅದರ ಕೆಲಸ. ಸಿಂದಗಿಯ ಹೊರಗೆ ವಿಜಯಪುರ ರಸ್ತೆಯಲ್ಲಿರುವ ನಮ್ಮ ಸಣ್ಣ ಕಾರ್ಖಾನೆ ಬಹಳ ವರ್ಷಗಳಿಂದ ಟ್ರ್ಯಾಕ್ಟರಿನ ರಾಡುಗಳನ್ನು ಮಾಡುತ್ತಿದೆ. ಕಾಯಿಸಿ ಬಡಿದ ಕಚ್ಚಾ ತುಂಡುಗಳು ಬೆಳಗಾವಿಯಿಂದ ಬರುತ್ತವೆ. ನಾವು ಅವನ್ನು ಕೊರೆದು, ಉಜ್ಜಿ, ತೂಗಿ ಕಳಿಸುತ್ತೇವೆ.

ಕ್ವೀನ್ಸ್‌ಲ್ಯಾಂಡ್ ರಾಜ್ಯದ ಡಾಲ್ಬಿ ಎಂಬ ಊರಿನ ಗ್ರೆಗ್, ಹಳೆಯ ಟ್ರ್ಯಾಕ್ಟರುಗಳಿಗಾಗಿ ನಮ್ಮಿಂದ ರಾಡು ತರಿಸಿಕೊಳ್ಳುತ್ತಿದ್ದರು. ವಾರವೆಲ್ಲ ಟ್ರ್ಯಾಕ್ಟರ್ ರಿಪೇರಿ ಮಾಡಿ, ರಜೆಯ ದಿನಗಳಲ್ಲಿ ರೇಸ್ ಕಾರಿನ ಎಂಜಿನ್ ಕಟ್ಟುವ ಮನುಷ್ಯ ಅವರು. ಆ ದೇಶದಲ್ಲೇ ತಯಾರಾಗುತ್ತಿದ್ದ, ಈಗ ನಿಂತುಹೋಗಿರುವ ಆರು ಸಿಲಿಂಡರಿನ ಒಂದು ಸಂಸಾರದ ಕಾರಿದೆ. ಅದರ ಎಂಜಿನ್ನಿಗೆ ಟರ್ಬೊ ಕೂರಿಸಿ ಮೂಲ ಶಕ್ತಿಯ ಮೂರು ಪಟ್ಟು ಹೊರಡಿಸಬೇಕು, ಅದನ್ನು ತಾಳುವ ರಾಡು ಮಾಡಿಕೊಡುತ್ತೀರಾ ಎಂದು ಅವರು ಕೇಳಿದರು. ವಿನ್ಯಾಸ ನನ್ನದು. ಎರಡು ಸೆಟ್ಟು, ಒಟ್ಟು ಹನ್ನೆರಡು ರಾಡು ಹೋದವು. ನಾಲ್ಕು ತಿಂಗಳ ಮೇಲೆ ಒಂದು ಚಿತ್ರ ಬಂತು. ಎಂಜಿನ್ ಬ್ಲಾಕಿನ ಮಗ್ಗುಲಲ್ಲಿ ಮುಷ್ಟಿ ಹಿಡಿಸುವಷ್ಟು ತೂತು.

ಮಾಲಕರು ಹೇಳಿದ್ದು ಇಷ್ಟು: "ತಪ್ಪ ನಮ್ದಿದ್ರ ನಮ್ದು ಅಂತ ಹೇಳಿ ಬರ್ರಿ. ಆದ್ರ ಯಾಕ ಮುರೀತು ಅನ್ನೂದು ಗೊತ್ತಾಗಬೇಕು. ಗೊತ್ತಾಗಲಿಲ್ಲಂದ್ರ ಈ ರೇಸಿನ ಕೆಲಸ ಇಲ್ಲಿಗೇ ಬಂದ್. ನಾವು ಟ್ರ್ಯಾಕ್ಟರ್ ರಾಡ ಮಾಡ್ಕೊಂತ ಸುಮ್ಮ ಇರೂಣು."

ಈ ಕೆಲಸಕ್ಕಾಗಿಯೇ ನಾನು ಪುಣೆಯ ನೌಕರಿ ಬಿಟ್ಟು ಸಿಂದಗಿಯ ಹತ್ತಿರದ ತಾಂಬಾದ ನಮ್ಮ ಮನೆಗೆ ಮರಳಿದ್ದೆ. ಲೋಹಶಾಸ್ತ್ರ ಓದಿದವಳಿಗೆ ಸಿಂದಗಿಯಲ್ಲಿ ಬೇರೆ ಕೆಲಸವಿಲ್ಲ. ಅದನ್ನು ನಾನು ಯಾರಿಗೂ ಬಿಡಿಸಿ ಹೇಳಿರಲಿಲ್ಲ.

ಬ್ರಿಸ್ಬೇನ್ ವಿಮಾನ ನಿಲ್ದಾಣ

ನನ್ನ ಜೊತೆ ನಮ್ಮ ಫೋರ್‌ಮನ್ ಹುಸೇನಸಾಬ್ ಬಂದಿದ್ದರು. ಇಂಡಿ ಊರಿನವರು. ನಿವೃತ್ತಿಯ ವಯಸ್ಸು ಹತ್ತಿರ ಬಂದಿದೆ. ಅಳತೆಯ ಗೇಜು ಹಿಡಿಯುವ ಮೊದಲೇ ಹೆಬ್ಬೆರಳು ಸವರಿ ರಾಡು ಸರಿಯಿದೆಯೋ ಇಲ್ಲವೋ ಹೇಳುತ್ತಾರೆ, ಸಾಮಾನ್ಯವಾಗಿ ಗೇಜು ಅವರ ಮಾತನ್ನೇ ಒಪ್ಪುತ್ತದೆ. ಕಾರ್ಖಾನೆಯಲ್ಲಿ ನನ್ನನ್ನು ಮೇಡಂ ಎನ್ನುತ್ತಾರೆ, ಗೇಟಿನ ಹೊರಗೆ ಯವ್ವಾ. ನಾನು ಎರಡೂ ಕಡೆ ಕಾಕಾ ಎನ್ನುತ್ತೇನೆ.

ಆಸ್ಟ್ರೇಲಿಯಾದವರಿಗೆ ಬಂದೂಕಿಗಿಂತ ಬೀಜದ ಭಯ ಹೆಚ್ಚು. ತಿನ್ನುವ ವಸ್ತು ಏನಿದ್ದರೂ ಬರೆದುಕೊಡಬೇಕು. ಕಾಕಾ ಎಲ್ಲವನ್ನೂ ಬರೆಸಿದರು: ಜೋಳದ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಉಪ್ಪಿನಕಾಯಿ, ಒಂದು ಚೀಲ ಹಸಿ ಶೇಂಗಾ. ಅಧಿಕಾರಿಣಿ ಅರಿವೆ ಬಿಚ್ಚಿ, ಒಂದರ ಮೇಲೊಂದು ಪೇರಿಸಿದ ರೊಟ್ಟಿಗಳನ್ನು ಎರಡು ಬೆರಳಿನಿಂದ ತಟ್ಟಿ ನೋಡಿದಳು. ಟಣ್ ಎಂದಿತು.

"ಇದು ಆಹಾರವೇ?" ಎಂದು ನನ್ನನ್ನು ಕೇಳಿದಳು.

"ಏನಂತಾಳ?" ಎಂದರು ಕಾಕಾ.

"ತಿನ್ನೂದೇನು ಅಂತ ಕೇಳಾಕತ್ತಾಳ."

"ಹಂಗಂದ್ರ? ಹೆಂಚ ಅಂತ ತಿಳದಾಳೇನು?" ಎಂದವರೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಅವಳ ಮುಂದೆಯೇ ಅಗಿದರು. ರೊಟ್ಟಿ, ಹಿಂಡಿ ಎಲ್ಲ ಪಾಸಾದವು. ಹಸಿ ಶೇಂಗಾ ಮಾತ್ರ ಒಳಗೆ ಬಿಡಲಿಲ್ಲ. ನೆಲಕ್ಕೆ ಬಿದ್ದರೆ ಮೊಳೆಯುವಂಥದ್ದು ಯಾವುದೂ ಒಳಗೆ ಹೋಗುವಂತಿಲ್ಲವಂತೆ. ಕಾಕಾ ಅದನ್ನು ಒಪ್ಪಿದರು. "ಚಲೋ ಚೆಕಿಂಗ್ ಐತಿ" ಎಂದರು, ಒಬ್ಬ ಚೆಕಿಂಗ್ ಮಾಡುವವನು ಇನ್ನೊಬ್ಬರ ಬಗ್ಗೆ ಹೇಳುವ ಧಾಟಿಯಲ್ಲಿ.

ಡಾಲ್ಬಿಯ ದಾರಿ

ಗ್ರೆಗ್ ಕರೆದೊಯ್ಯಲು ಬಂದಿದ್ದರು. ಎತ್ತರದ ಆಳು. ಬಿಸಿಲಿಗೆ ಕೆಂಪಾದ ಕುತ್ತಿಗೆ. ನನ್ನ ಹೆಸರು ಕೇಳಿ, ಎರಡು ಸಲ ಸರಿಯಾಗಿ ಉಚ್ಚರಿಸಿ ನೋಡಿದರು. ಮುರಿದ ರಾಡಿನ ಮಾತು ಎತ್ತಲಿಲ್ಲ.

ಗುಡ್ಡ ಹತ್ತಿ ಇಳಿದ ಮೇಲೆ ನೆಲ ಸಪಾಟಾಯಿತು. ನಾನು ಕಿಟಕಿಗೆ ಹತ್ತಿರ ಸರಿದು ಕೂತೆ. ಎರಿ ಭೂಮಿ. ನಮ್ಮಂಥದೇ ಕರಿಮಣ್ಣು, ನಮ್ಮಂಥದೇ ಬಿರುಕು. ಎಷ್ಟು ದೂರ ನೋಡಿದರೂ ಜೋಳ. ಆದರೆ ನಮ್ಮ ಬಿಳಿಜೋಳದಂತೆ ಆಳೆತ್ತರವಲ್ಲ. ಸೊಂಟದವರೆಗೆ ಬರುವ ಗಿಡ್ಡ ಬೆಳೆ, ತೆನೆ ಇಟ್ಟಿಗೆ ಬಣ್ಣದ್ದು. ಕಾಕಾ ಗಾಡಿ ನಿಲ್ಲಿಸಲು ಸನ್ನೆ ಮಾಡಿ, ಇಳಿದು, ಒಂದು ತೆನೆ ಹಿಡಿದು ತಿಕ್ಕಿ, ಕಾಳು ಬಾಯಿಗೆ ಹಾಕಿಕೊಂಡರು.

"ಇದನ್ನು ಯಾರು ತಿನ್ನುತ್ತಾರೆ?" ಎಂದು ನಾನು ಗ್ರೆಗ್‌ರನ್ನು ಕೇಳಿದೆ. ದನ, ಕೋಳಿ ಎಂದರು. ಕಾಕಾಗೆ ಹೇಳಿದೆ.

"ದನಕ್ಕ ಹಾಕ್ತಾರ? ಮತ್ತ ಇವ್ರು ಏನ್ ತಿಂತಾರಂತ?"

"ದನಾನs ತಿಂತಾರ ಕಾಕಾ."

ಕಾಕಾ ಸ್ವಲ್ಪ ಯೋಚಿಸಿ, "ಹಂಗಂದ್ರ ಸುತ್ತ ಹಾಕಿ ಜೋಳಾನs ತಿಂದಂಗಾತು" ಎಂದರು.

ಮರುದಿನ ಚಹಾದ ಹೊತ್ತಿಗೆ ಗ್ರೆಗ್‌ಗೆ ರೊಟ್ಟಿ ಕೊಟ್ಟೆವು. ಅವರು ಬೆಣ್ಣೆ ಸವರಿ, ಶೇಂಗಾ ಹಿಂಡಿ ಉದುರಿಸಿ, ಪೂರ್ತಿ ಒಂದು ರೊಟ್ಟಿ ತಿಂದು, ಇಷ್ಟು ವರ್ಷ ದನಗಳು ಈ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ ಎಂದರು.

ಆ ಕಡೆಯ ರಸ್ತೆಗಳಲ್ಲಿ ಒಂದು ಪದ್ಧತಿ ಇದೆ. ಎದುರಿನಿಂದ ಗಾಡಿ ಬಂದರೆ ಚಾಲಕ ಸ್ಟಿಯರಿಂಗಿನಿಂದ ಒಂದೇ ಒಂದು ಬೆರಳು ಎತ್ತುತ್ತಾನೆ. ಗುರುತಿರಲಿ, ಇಲ್ಲದಿರಲಿ, ಅದು ನಮಸ್ಕಾರ. ಕಾಕಾ ಪ್ರತಿಯೊಂದಕ್ಕೂ ಕೈ ಎತ್ತಿ ಸಲಾಮು ಮಾಡುತ್ತ ಬಂದರು. ನನಗೆ ಆ ಒಂದು ಬೆರಳೇ ಹಿಡಿಸಿತು. ಮಾತಿಲ್ಲದೆ ಮರ್ಯಾದೆ ಮುಗಿಯುತ್ತದೆ.

ಗ್ರೆಗ್‌ರ ಶೆಡ್ಡು

ಹೊರಗಿನಿಂದ ನೋಡಿದರೆ ಅದು ಸಿಂದಗಿಯ ಯಾವುದೇ ಟ್ರ್ಯಾಕ್ಟರ್ ಗ್ಯಾರೇಜಿನಂತಿತ್ತು. ತಗಡಿನ ಮಾಡು, ಬಾಗಿಲಲ್ಲಿ ಹರಡಿದ ಗೇರ್‌ಬಾಕ್ಸು, ನೆರಳಲ್ಲಿ ನಾಯಿ. ಒಳಗೆ ಮಾತ್ರ ನೆಲ ಊಟಕ್ಕೆ ಕೂರಬಹುದಾದಷ್ಟು ಶುಭ್ರ.

ಗ್ರೆಗ್‌ರ ಮಗಳು ಟೆಸ್ ಅಲ್ಲಿದ್ದಳು. ನನ್ನದೇ ವಯಸ್ಸು. ಊರಿನ ಧಾನ್ಯದ ಉಗ್ರಾಣದಲ್ಲಿ ಲಾರಿ ತೂಗುವ ಕೆಲಸ. ರೇಸಿನಲ್ಲಿ ಕಾರು ಓಡಿಸುವವಳು ಅವಳೇ. ರಾಡು ಮುರಿದಾಗ ಎಂಜಿನ್ ಕಾರಿನಲ್ಲಿರಲಿಲ್ಲ, ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲಿತ್ತು. ಹಾಗಾಗಿ ಯಾರಿಗೂ ಪೆಟ್ಟಾಗಲಿಲ್ಲ. ಅದರ ಹಿಂದಿನ ವಾರದವರೆಗೂ ಎಂಜಿನ್ ಕಾರಿನಲ್ಲೇ ಇತ್ತು ಎಂದು ಟೆಸ್ ಹೇಳಿದಳು. ಅಷ್ಟೇ ಹೇಳಿದಳು.

ಗ್ರೆಗ್ ಮೇಜಿನ ಮೇಲೆ ಎರಡು ರಾಡು ಇಟ್ಟರು. ಒಂದು ಎರಡು ತುಂಡಾದ ನಮ್ಮದು. ಇನ್ನೊಂದು ಕಾರಿನ ತಯಾರಕರೇ ಹಾಕಿದ್ದ ಮೂಲ ರಾಡು, ಹಳೆಯ ಟ್ಯಾಕ್ಸಿಯೊಂದರಿಂದ ಬಿಚ್ಚಿದ್ದು.

"ಈ ಮೂಲ ರಾಡಿನ ಮೇಲೆ ಎರಡು ಪಟ್ಟು ಶಕ್ತಿ ಹಾಕಿ ಎರಡು ವರ್ಷ ಓಡಿಸಿದ್ದೇನೆ. ಏನೂ ಆಗಿಲ್ಲ. ಮೂರು ಪಟ್ಟಿಗೆ ಇದು ಸಾಲದು ಎಂದು ನಿಮ್ಮದನ್ನು ಹಾಕಿದೆ. ಅಲ್ಲಿಗೆ ಮುಟ್ಟುವ ಮೊದಲೇ ಹೋಯಿತು" ಎಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಾಕಾ ಮೂಲ ರಾಡನ್ನು ಕೈಗೆತ್ತಿಕೊಂಡರು. "ಕಂಪನಿ ಮಾಲು" ಎಂದರು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಎರಡು ದಿನ ನಾನು ಆ ಕಂಪನಿ ರಾಡನ್ನೇ ನೋಡುತ್ತ ಕೂತೆ. ನಮ್ಮದಕ್ಕಿಂತ ತೆಳ್ಳಗಿತ್ತು. ಉಕ್ಕು ನಮ್ಮದಕ್ಕಿಂತ ಸಾಧಾರಣ. ಇಂಥ ಎಂಜಿನ್ನುಗಳ ಬಗ್ಗೆ ಅಂತರ್ಜಾಲದಲ್ಲಿ ಬರೆಯುವವರು, ಒಳಗಿನ ಮೂಲ ಭಾಗಗಳು ಇಷ್ಟು ಕುದುರೆಶಕ್ತಿಯವರೆಗೆ ತಾಳುತ್ತವೆ ಎಂದು ಒಂದು ಅಂಕಿ ಹೇಳಿಬಿಡುತ್ತಾರೆ, ಗಟ್ಟಿತನವೆಲ್ಲ ಉಕ್ಕಿನ ಹೆಸರಿನಲ್ಲೇ ಇದ್ದಂತೆ. ಆದರೆ ಇದನ್ನು ಮಾಡಿದವರು ರೇಸನ್ನು ನೆನೆದು ಮಾಡಿರಲಿಲ್ಲ. ಉರಿಬಿಸಿಲಿನಲ್ಲಿ ಟ್ರೈಲರ್ ಎಳೆಯುವ ಸಂಸಾರಗಳಿಗೆ, ದಿನವಿಡೀ ನಿಲ್ಲದ ಟ್ಯಾಕ್ಸಿಗಳಿಗೆ ಎಂದು ಮಾಡಿ, ಅದರ ಮೇಲೊಂದಿಷ್ಟು ಧಾರಾಳತನ ಬಿಟ್ಟಿದ್ದರು. ಆ ಧಾರಾಳತನವನ್ನೇ ಗ್ರೆಗ್ ಎರಡು ವರ್ಷ ಬಳಸಿದ್ದರು.

ಮೂರನೆಯ ದಿನ ಕಂಪನಿಯವರ ಗುರುತಿನ ಅಂಕಿ ಎಲ್ಲಿದೆ ಎಂದು ಹುಡುಕಿದೆ. ರಾಡಿನ ತೀರಾ ಕೆಳಗೆ, ಕ್ರ್ಯಾಂಕನ್ನು ತಬ್ಬುವ ಟೊಪ್ಪಿಗೆಯ ಪಕ್ಕದಲ್ಲಿ ಸಿಕ್ಕಿತು. ಸೆಳೆತ ಅತ್ಯಂತ ಕಡಿಮೆ ಇರುವ ಜಾಗ. ಅದೂ ಬಡಿದದ್ದಲ್ಲ, ಮೇಲ್ಮೇಲೆ ಕೆರೆದದ್ದು. ರಾಡಿನ ಸೊಂಟದ ಮೇಲೆ, ಎಂದರೆ ನಡುವಿನ ತೆಳ್ಳನೆಯ ಭಾಗದಲ್ಲಿ, ಒಂದು ಗೀರು ಕೂಡ ಇರಲಿಲ್ಲ.

ಆಗ ನಮ್ಮ ರಾಡಿನ ಮೂರು ಚುಕ್ಕಿ ನೆನಪಾದವು.

ಮೂರು ಚುಕ್ಕಿ

ನಮ್ಮ ಕಡೆ ಎಂಜಿನ್ ಬಿಚ್ಚುವ ಮಿಸ್ತ್ರಿ ಮೊದಲು ಮಾಡುವುದು ಚುಕ್ಕಿ ಹೊಡೆಯುವುದನ್ನು. ಮೊದಲ ಸಿಲಿಂಡರಿನ ರಾಡಿಗೂ ಅದರ ಟೊಪ್ಪಿಗೆಗೂ ಪಂಚಿನಿಂದ ಒಂದೊಂದು ಚುಕ್ಕಿ, ಎರಡನೆಯದಕ್ಕೆ ಎರಡೆರಡು. ಜೋಡಿ ಅದಲುಬದಲಾಗಬಾರದಲ್ಲ. ಹುಸೇನಸಾಬ್ ಕಾಕಾ ಆ ಪದ್ಧತಿಯನ್ನು ಕಾರ್ಖಾನೆಗೆ ತಂದು, ತಾವು ಪಾಸು ಮಾಡಿದ ರಾಡಿಗೆ ಮೂರು ಚುಕ್ಕಿ ಹೊಡೆಯುತ್ತಿದ್ದರು. ಸಿಂದಗಿಯಿಂದ ಮುದ್ದೇಬಿಹಾಳದವರೆಗೆ ಟ್ರ್ಯಾಕ್ಟರ್ ಇಟ್ಟವರು ಅಂಗಡಿಯಲ್ಲಿ ಮೂರು ಚುಕ್ಕಿ ನೋಡಿಯೇ ರಾಡು ಕೊಳ್ಳುತ್ತಾರೆ. ಟ್ರ್ಯಾಕ್ಟರಿನ ರಾಡಿಗೆ ಅವರು ಹೊಡೆಯುವುದು ಕೆಳಗಿನ ದಪ್ಪ ಭಾಗಕ್ಕೆ. ಈ ಹೊಸ ರಾಡಿನಲ್ಲಿ ಆ ಭಾಗವನ್ನು ಕನ್ನಡಿಯಂತೆ ಉಜ್ಜಿದ್ದೆವು. ಅದನ್ನು ಕೆಡಿಸಲು ಮನಸ್ಸಾಗದೆ ಸ್ವಲ್ಪ ಮೇಲೆ, ಸೊಂಟ ಶುರುವಾಗುವಲ್ಲಿ ಹೊಡೆದಿದ್ದರು.

ಗುರುತು ಎಲ್ಲಿ ಹಾಕಬೇಕೆಂದು ನನ್ನ ಡ್ರಾಯಿಂಗಿನಲ್ಲಿ ಇರಲಿಲ್ಲ. ಹನ್ನೆರಡೂ ರಾಡು ನನ್ನ ಕೈ ದಾಟಿಯೇ ಹೋಗಿದ್ದವು. ಚುಕ್ಕಿ ನೋಡಿದ್ದೆ. ಅದು ಕಾಕಾ ಅವರ ಸಹಿ, ಅಷ್ಟೇ ಎಂದುಕೊಂಡಿದ್ದೆ.

ರಾಡು ತುಂಡಾದ ಕಡೆಯ ಮುಖವನ್ನು ನಾನು ತಂದಿದ್ದ ಸಣ್ಣ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಕೆರೆಯ ನೀರು ಇಳಿಯುತ್ತ ಹೋದಾಗ ದಂಡೆಯಲ್ಲಿ ಒಂದರ ಒಳಗೊಂದು ಗೆರೆ ಉಳಿಯುತ್ತದಲ್ಲ, ದಿನದಿನವೂ ಸ್ವಲ್ಪ ಸ್ವಲ್ಪ ಬೆಳೆದ ಬಿರುಕು ಹಾಗೆಯೇ ಗೆರೆ ಬಿಟ್ಟಿರುತ್ತದೆ. ಗೆರೆಗಳು ಕಿರಿದಾಗುತ್ತ ಕಿರಿದಾಗುತ್ತ ಒಂದು ಬಿಂದುವಿಗೆ ಬಂದು ಸೇರಿದವು. ಆ ಬಿಂದು ನಡುವಿನ ಚುಕ್ಕಿಯ ತಳ.

ನಾನು ಎದ್ದು ಚಹಾ ಕುಡಿಯಲು ಹೋದೆ. ಕಾಕಾ ಹಿಂದೆಯೇ ಬಂದರು.

"ಏನ ಕಂಡಿ ಯವ್ವಾ? ಮಾರಿ ನೋಡಿದ್ರs ತಿಳೀತೈತಿ."

ಅವರನ್ನು ಕರೆದೊಯ್ದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಅವರು ಬಹಳ ಹೊತ್ತು ನೋಡಿದರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಇದು ನಂದs ಚುಕ್ಕಿ."

"ಹೌದು ಕಾಕಾ."

"ಮೀಸಿ ಬರೂಕಿಂತ ಮೊದಲಿಂದ ಬಡಿಯಾಕತ್ತೇನಿ. ಒಂದs ಒಂದು ರಾಡ ಮುರದಿಲ್ಲ."

"ಟ್ರ್ಯಾಕ್ಟರ್ ಸಾವಕಾಶ ತಿರಗತೈತಿ. ಇದು ಅದರ ಮೂರು ಪಟ್ಟು ಜೋರ. ಅಲ್ಲಿ ಏನೂ ಆಗದ್ದು ಇಲ್ಲೆ ಗಾಯ ಆಗತೈತಿ. ಮತ್ತ ಎಲ್ಲಿ ಹೊಡೀಬೇಕು ಅಂತ ಡ್ರಾಯಿಂಗಿನ್ಯಾಗ ಬರೀಬೇಕಾಗಿತ್ತು. ಅದು ನನ್ನ ಕೆಲಸ. ನಾ ಬರದಿಲ್ಲ."

"ನೀ ನನ್ನ ತಪ್ಪ ನಿನ್ನ ತಲಿಮ್ಯಾಲ ಹಾಕ್ಕೋಬ್ಯಾಡ."

"ಹಾಕ್ಕೊಂಡಿಲ್ಲ. ನಂದು ಎಷ್ಟೈತಿ ಅಷ್ಟs ಹೇಳಿದೆ."

ಅವರು ಕಣ್ಣೊರೆಸಿಕೊಳ್ಳಲಿಲ್ಲ, ಆ ಸ್ವಭಾವದವರಲ್ಲ. "ನಡಿ, ಗ್ರೆಗ್‌ಗ ನಾನs ಹೇಳ್ತೇನಿ. ನೀ ಇಂಗ್ಲಿಷ್ ಮಾಡು. ಕಡಿಮಿ ಮಾಡಬ್ಯಾಡ ಮತ್ತ, ನಾ ಅಂದಷ್ಟೂ ಮಾಡು" ಎಂದರು.

ಅವರು ಅಂದಷ್ಟನ್ನೂ ಅನುವಾದಿಸಿದೆ. ನನ್ನ ಭಾಗವನ್ನೂ ಸೇರಿಸಿದೆ. ಗ್ರೆಗ್ ಕೇಳಿಸಿಕೊಂಡು, ಉಳಿದ ಐದು ರಾಡುಗಳಿಗೆ ಕಾಂತ ಹಿಡಿಸಿ, ಹೊಳೆಯುವ ಪುಡಿ ಸುರಿದು, ಕತ್ತಲೆ ಕೋಣೆಯಲ್ಲಿ ನೀಲಿ ದೀಪ ಹಾಕಿದರು. ಬಿರುಕಿದ್ದರೆ ಪುಡಿ ಅಲ್ಲಿ ಸೇರಿ ಗೆರೆಯಾಗಿ ಕಾಣುತ್ತದೆ. ಎರಡು ರಾಡುಗಳಲ್ಲಿ ಚುಕ್ಕಿಯಿಂದ ಕೂದಲಿನಷ್ಟು ಗೆರೆ ಹೊರಟಿತ್ತು. ಇನ್ನು ಅನುಮಾನವಿರಲಿಲ್ಲ.

ಗ್ರೆಗ್ ಮೇಜಿನ ಖಾನೆಯಿಂದ ಅಂಕಿ ಹೊಡೆಯುವ ತಮ್ಮ ಪಂಚುಗಳ ಡಬ್ಬಿ ತೆಗೆದು ಕಾಕಾ ಮುಂದೆ ಇಟ್ಟರು. "ನಾನೂ ಹೊಡೆಯುತ್ತೇನೆ. ಎರಡು ಬೆರಳು ಕೆಳಗೆ ಹೊಡೆಯುತ್ತೇನೆ, ಅಷ್ಟೇ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹಾಗಾದರೆ ಉಕ್ಕು?" ಎಂದರು.

"ಉಕ್ಕಿನದು ತಪ್ಪಿಲ್ಲ. ಗಾಯ ಮಾಡಿದವರು ನಾವು."

"ಓಡಿಸದೆ ಇಟ್ಟಿರುವ ಎರಡನೆಯ ಸೆಟ್ಟು ಹಾಗೇ ಇದೆ. ಅದರಲ್ಲೂ ಚುಕ್ಕಿ ಇವೆ" ಎಂದರು ಗ್ರೆಗ್.

ಕಾಕಾಗೆ ಹೇಳಿದೆ. ಅವರು ಆಗಲೇ ತೋಳು ಮಡಚುತ್ತಿದ್ದರು. "ಎರಡ ದಿನಾ ಕೊಡ್ರಿ ಅನ್ನು. ಹಾಕಿದಾಂವಾ ನಾ, ತಗಿಯಾಂವಾನೂ ನಾನs."

ಎರಡು ದಿನ

ಚುಕ್ಕಿಯ ಆಳಕ್ಕೆ ಲೋಹ ತೆಗೆದರೆ ಉಳಿಯುವ ದಪ್ಪ ಸಾಕೇ ಎಂದು ನಾನು ಲೆಕ್ಕ ಹಾಕಿದೆ. ಮೂರು ಸಲ, ಮೂರು ರೀತಿಯಲ್ಲಿ. ಸಾಕಾಗುತ್ತಿತ್ತು. ಪುಣ್ಯಕ್ಕೆ ನಾನೂ ಸ್ವಲ್ಪ ಧಾರಾಳತನ ಬಿಟ್ಟಿದ್ದೆ.

ಕಾಕಾ ಕಿಟಕಿಯ ಬೆಳಕಿನಲ್ಲಿ ಕೂತು ಉಜ್ಜಿದರು. ರಾಡಿನ ಉದ್ದಕ್ಕೆ ಮಾತ್ರ, ಎಂದೂ ಅಡ್ಡಕ್ಕಲ್ಲ. ಅಡ್ಡ ಗೀರು ಎಂದರೆ ಮತ್ತೊಂದು ಸಣ್ಣ ಗಾಯ. ಒರಟು ಕಾಗದ, ನಯ ಕಾಗದ, ಆಮೇಲೆ ಎಣ್ಣೆ ಹಚ್ಚಿದ ಬಟ್ಟೆ. ನಡುನಡುವೆ ಕಣ್ಣು ಮುಚ್ಚಿ ಹೆಬ್ಬೆರಳು ಸವರುತ್ತಿದ್ದರು. ನಾನು ಪ್ರತಿಯೊಂದನ್ನೂ ತೂಗಿ ಆರನ್ನೂ ಒಂದೇ ತೂಕಕ್ಕೆ ತರಿಸುತ್ತಿದ್ದೆ. ಟೆಸ್ ಕೆಲಸ ಮುಗಿಸಿ ಬಂದು ಒಂದು ಸ್ಟೂಲು ಎಳೆದುಕೊಂಡು ಕೂತು ನೋಡುತ್ತಿದ್ದಳು. ಅವಳೂ ನನ್ನಂತೆ ಮಾತು ಕಡಿಮೆಯವಳು. ಇಬ್ಬರಿಗೂ ಅದರಿಂದ ತೊಂದರೆಯಾಗಲಿಲ್ಲ.

ನೀಲಿ ದೀಪದ ಕೆಳಗೆ ಆರೂ ರಾಡು ನಿರ್ಮಲವಾಗಿದ್ದವು. ಹಳೆಯ ಕಾರುಗಳ ಅಂಗಳದಿಂದ ತಂದ ಇನ್ನೊಂದು ಎಂಜಿನ್ನಿಗೆ ಗ್ರೆಗ್ ಅವನ್ನು ಕೂರಿಸಿ ಡೈನೊ ಮೇಲೆ ಏರಿಸಿದರು. ಹಿಂದೆ ರಾಡು ಮುರಿದಾಗ ಇದ್ದ ಶಕ್ತಿಯನ್ನು ಅದು ದಾಟಿತು. ಮೂರು ಪಟ್ಟಿನ ಗುರಿ ಮುಟ್ಟಿತು. ಗ್ರೆಗ್ ಹತ್ತು ಸಲ ಅಲ್ಲಿಯವರೆಗೆ ಒಯ್ದು, ಎಂಜಿನ್ ಪೂರ್ತಿ ಬಿಚ್ಚಿ, ಮತ್ತೆ ನೀಲಿ ದೀಪದ ಕೆಳಗೆ ನೋಡಿದರು. ಏನೂ ಇರಲಿಲ್ಲ. "ನಾಟ್ ಬ್ಯಾಡ್" ಎಂದರು. ಅಷ್ಟು ದಿನದಲ್ಲಿ ಅವರು ಯಾವುದಕ್ಕೂ ಅದಕ್ಕಿಂತ ಹೆಚ್ಚು ಹೇಳಿದ್ದನ್ನು ನಾನು ಕೇಳಿಲ್ಲ.

ಆದರೆ ಆರ್ಡರಿನ ಮಾತು ಅವರು ಆಡಲಿಲ್ಲ. "ಓಡಿಸುವವಳು ಟೆಸ್. ಅವಳು ಒಪ್ಪಬೇಕು" ಎಂದರು. ಅದು ನ್ಯಾಯವೆನಿಸಿತು.

ಪಕ್ಕದ ಹೊಲ

ಗ್ರೆಗ್‌ರ ನೆರೆಯವರ ಹೊಲದಲ್ಲಿ ಔಷಧಿ ಸಿಂಪಡಿಸುವ ಸಣ್ಣ ವಿಮಾನ ಇಳಿಯಲು ಒಂದು ಡಾಂಬರು ಪಟ್ಟಿ ಇದೆ. ಎರಡೂ ಬದಿಗೆ ಕೆಂಪು ಜೋಳ. ಕಾರನ್ನು ಅಲ್ಲಿಗೆ ತಂದರು. ನೋಡಲು ನಮ್ಮಲ್ಲಿ ಮದುವೆಗೆ ಬಾಡಿಗೆ ಹಿಡಿಯುವ ಕಾರಿನಂತೆಯೇ ಇತ್ತು, ಹಿಂದಿನ ಚಕ್ರ ಮಾತ್ರ ಅಗಲ.

ಟೆಸ್ ಹೆಲ್ಮೆಟ್ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದಳು. "ಒಂದು ಮಾತು ಕೇಳಲೇ? ನೀನಾದರೆ ಇದರಲ್ಲಿ ಕೂರುತ್ತೀಯಾ?"

ಕೆಣಕುವ ದನಿ ಇರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲು ಕೇಳಿದ್ದಳು. ಮೂರು ಲೆಕ್ಕಗಳನ್ನೂ ಮನಸ್ಸಿನಲ್ಲೇ ಇನ್ನೊಮ್ಮೆ ಮಾಡಿದೆ.

"ಕೂರುತ್ತೇನೆ."

ಅವಳು ಎಡಗಡೆಯ ಬಾಗಿಲು ತೆರೆದಳು. ಅಷ್ಟರಲ್ಲಿ ಕಾಕಾ ಅಡ್ಡ ಬಂದರು.

"ಏನ್ ನಡದೈತಿ?"

"ನಾ ಕೂಡ್ತೇನಿ ಅಂದೆ."

"ಯಾಕ? ಚುಕ್ಕಿ ನಂದು. ನಾ ಕೂಡ್ತೇನಿ."

"ಡ್ರಾಯಿಂಗ್ ನಂದು ಕಾಕಾ."

"ನಿಮ್ಮಪ್ಪಗ ನಾ ಏನಂತ ಹೇಳ್ಲಿ?"

"ಲೆಕ್ಕ ಬರೋಬ್ಬರಿ ಇತ್ತು ಅಂತ ಹೇಳ್ರಿ."

ಗ್ರೆಗ್ ಏನಾಯಿತೆಂದು ಕೇಳಿದರು. ಹೇಳಿದೆ. ಪಕ್ಕದ ಸೀಟು ಒಂದೇ ಇರುವುದು, ಟೆಸ್ ಮೊದಲು ಕೇಳಿದ್ದು ನನ್ನನ್ನು ಎಂದು ತೀರ್ಪು ಕೊಟ್ಟರು.

ಹೆಲ್ಮೆಟ್ಟಿನೊಳಗೆ ನನ್ನ ಉಸಿರು ನನಗೇ ಕೇಳುತ್ತಿತ್ತು. ಟೆಸ್ ಸೀಟಿನ ಬೆಲ್ಟುಗಳನ್ನು ಬಿಗಿದು, ಒಂದು ಬೆರಳು ಎತ್ತಿದಳು. ನಾನೂ ಎತ್ತಿದೆ. ಆಮೇಲೆ ಬೆನ್ನು ಸೀಟಿನೊಳಗೆ ಹೋಯಿತು. ಜೋಳದ ಸಾಲುಗಳು ಒಂದೇ ಕೆಂಪು ಗೋಡೆಯಾದವು. ಹೆದರಿಕೆಯಾಯಿತು, ಸುಳ್ಳು ಹೇಳಲಾರೆ. ಆದರೂ ಕಿವಿ ತನ್ನ ಕೆಲಸ ಮಾಡುತ್ತಿತ್ತು. ನಾನು ಕೇಳುತ್ತಿದ್ದದ್ದು ಆರು ರಾಡುಗಳನ್ನು. ಆರೂ ಒಂದೇ ದನಿಯಲ್ಲಿದ್ದವು. ಅದು ಏರಿತು, ಇನ್ನೂ ಏರಿತು, ಎಲ್ಲೂ ಒಡೆಯಲಿಲ್ಲ. ಪಟ್ಟಿಯ ಕೊನೆಯಲ್ಲಿ ಟೆಸ್ ಕಾಲು ಸಡಿಲಿಸಿದಳು.

ನಿಧಾನವಾಗಿ ತಿರುಗಿ ಬಂದು ನಿಂತೆವು. ಟೆಸ್ ನನ್ನ ಬೆಲ್ಟು ಬಿಚ್ಚಿದಳು. ಕಿಟಕಿಯ ಹತ್ತಿರ ಬಂದ ಅಪ್ಪನಿಗೆ, "ಶನಿವಾರದ ರೇಸಿಗೆ ಇದೇ ಎಂಜಿನ್. ಚುಕ್ಕಿ ಇಲ್ಲದ ನಾಲ್ಕು ಸೆಟ್ಟಿಗೆ ಆರ್ಡರು ಬರೆದುಕೊಡು ಇವಳಿಗೆ" ಎಂದಳು.

ಕಾಕಾ ಏದುಸಿರು ಬಿಡುತ್ತ ಓಡಿ ಬಂದರು. ನನ್ನನ್ನು ನೋಡಲಿಲ್ಲ. ಮೊದಲು ಬಾನೆಟ್ಟಿನ ಮೇಲೆ ಅಂಗೈ ಊರಿ, ತಲೆ ಬಾಗಿಸಿ, ಎಂಜಿನ್ ಸುಮ್ಮನೆ ತಿರುಗುವುದನ್ನು ಕೇಳಿದರು.

"ಎಂಜಿನ್ ಆರಾಮ ಐತಿ. ನೀ ಆರಾಮ ಅದಿಯೇನವಾ?"

"ಆರಾಮ ಅದೇನಿ ಕಾಕಾ."

"ಹಂಗಾದ್ರ ಇಳಿ. ಈಗ ನನ್ನ ಪಾಳಿ."